ಡಾಟ್ ಇನ್ ಹೆಸರನ್ನು ಬಿಡಿಸಿಕೊಂಡ ಬಗೆ

ತಿಪಟೂರಿನ ಹಳೆಯ ಗಿರಾಕಿಯೊಬ್ಬರು ಫೋನ್ ಮಾಡಿ, "ನಿಮ್ಮ ಕಾಫಿ ಪುಡಿಗೆ ಇಷ್ಟೊಂದು ಚಿಕೋರಿ ಯಾವಾಗಿನಿಂದ ಬೆರೆಸುತ್ತಿದ್ದೀರಿ?" ಎಂದು ಕೇಳಿದರು. ನಮ್ಮ ಹೆಸರಿನ ಡಾಟ್ ಇನ್ ಪುಟ ತೆರೆದು, ಅಲ್ಲಿದ್ದ ಜಾಹೀರಾತು ಒತ್ತಿ, ಬೇರೆ ಯಾರದೋ ಪುಡಿ ತರಿಸಿಕೊಂಡಿದ್ದರು. ಮೂರು ತಲೆಮಾರಿನ ಅಂಗಡಿ ನಮ್ಮದು, ಅಜ್ಜನ ಹೆಸರೇ ಬ್ರ್ಯಾಂಡ್. ಅಂದು ರಾತ್ರಿ ನಿದ್ದೆ ಬರಲಿಲ್ಲ.

ಡಾಟ್ ಕಾಂ ಇದೆಯಲ್ಲ ಎಂದು ಡಾಟ್ ಇನ್ ಕೊಳ್ಳದೆ ಬಿಟ್ಟದ್ದು ನನ್ನದೇ ತಪ್ಪು. ಸಾವಿರ ರೂಪಾಯಿಯೊಳಗೆ ಮುಗಿಯುತ್ತಿತ್ತು. ಅದಕ್ಕಿಂತ ದೊಡ್ಡ ತಪ್ಪು, ಆ ಹೆಸರು ಹಿಡಿದವನಿಗೆ ಅಂಗಡಿಯ ಇಮೇಲ್‌ನಿಂದಲೇ ಬರೆದು ಬೆಲೆ ಕೇಳಿದ್ದು. ನಲವತ್ತು ಸಾವಿರ ಎಂದವನು ನನ್ನ ಆತುರ ಕಂಡು ವಾರದಲ್ಲಿ ಎರಡೂವರೆ ಲಕ್ಷಕ್ಕೇರಿದ. ಎಂಟು ಸಾವಿರ ಕೊಟ್ಟು ಕಳಿಸಿದ ವಕೀಲರ ನೋಟಿಸ್, ವಿಳಾಸದಾರರಿಲ್ಲ ಎಂಬ ಷರಾದೊಂದಿಗೆ ವಾಪಸಾಯಿತು.

ಕೊನೆಗೆ ಐಎನ್‌ಡಿಆರ್‌ಪಿ ದಾರಿ ಹಿಡಿದೆ, ಅದು ಡಾಟ್ ಇನ್ ಹೆಸರುಗಳನ್ನು ನೋಡಿಕೊಳ್ಳುವ ನಿಕ್ಸಿ ಸಂಸ್ಥೆಯ ವ್ಯಾಜ್ಯ ಪರಿಹಾರದ ವ್ಯವಸ್ಥೆ. ನನ್ನ ಟ್ರೇಡ್‌ಮಾರ್ಕ್ ಪ್ರಮಾಣಪತ್ರ ಬಂದದ್ದು ಅವನು ಹೆಸರು ಹಿಡಿದ ನಂತರ, ಆದ್ದರಿಂದ ಸೋಲು ಖಚಿತ ಎಂದು ಚಿಕ್ಕಪ್ಪನಿಂದ ಲೆಕ್ಕಪರಿಶೋಧಕರವರೆಗೆ ಎಲ್ಲರೂ ಹೇಳಿದರು. ಆದರೆ ಕಾಫಿ ಸೇರುವ 30ನೇ ವರ್ಗದ ಟ್ರೇಡ್‌ಮಾರ್ಕ್ ಅರ್ಜಿಯನ್ನು ನಾನು ಅದಕ್ಕೂ ಮೊದಲೇ ಹಾಕಿದ್ದೆ, ನೋಂದಣಿ ಲೆಕ್ಕಕ್ಕೆ ಬರುವುದು ಅರ್ಜಿಯ ದಿನದಿಂದ. ಸಾಲದೆಂದು ಅಜ್ಜನ ಕೈಬರಹದ ಬಿಲ್ ಪುಸ್ತಕಗಳನ್ನೂ ಸ್ಕ್ಯಾನ್ ಮಾಡಿ ಲಗತ್ತಿಸಿದೆ. ಡೊಮೇನ್ ಹೆಸರಿಗೂ ಟ್ರೇಡ್‌ಮಾರ್ಕಿನಂತೆಯೇ ರಕ್ಷಣೆಯುಂಟೆಂದು ಸುಪ್ರೀಂ ಕೋರ್ಟ್ 2004ರಲ್ಲೇ ಸತ್ಯಂ ಇನ್ಫೋವೇ ಪ್ರಕರಣದಲ್ಲಿ ಹೇಳಿದೆ, ಅದನ್ನೂ ಎತ್ತಿ ಬರೆದೆ.

ಡಾಟ್ ಕಾಂ ವಿವಾದದಲ್ಲಿ ನೋಂದಣಿ, ಬಳಕೆ ಎರಡರಲ್ಲೂ ದುರುದ್ದೇಶ ತೋರಿಸಬೇಕು. ಡಾಟ್ ಇನ್ ನಿಯಮದಲ್ಲಿ ಇರುವುದು 'ಅಥವಾ'. ಆ ಒಂದು ಪದದ ಮೇಲೆಯೇ ನನ್ನ ವಾದ ಕಟ್ಟಿದೆ. ವೆಬ್ ಪುಟಗಳ ಹಳೆಯ ಪ್ರತಿ ಕಾಯ್ದಿಡುವ ವೇಬ್ಯಾಕ್ ಮಷಿನ್‌ನಲ್ಲಿದ್ದ ಅವನ ಹಳೆಯ ಜಾಹೀರಾತು ಪುಟಗಳು ಕೈಹಿಡಿದವು. ಎಲ್ಲಕ್ಕಿಂತ ಗಟ್ಟಿಯಾಗಿ ನಿಂತದ್ದು ಎರಡೂವರೆ ಲಕ್ಷ ಕೇಳಿದ ಅವನದೇ ಇಮೇಲ್. 'ನಿಮ್ಮ ಬ್ರ್ಯಾಂಡ್ ಎಂದು ಗೊತ್ತಿದ್ದೇ ಕೊಂಡೆ' ಎಂದು ಅವನಿಂದಲೇ ಬರೆಸಿಕೊಂಡಿದ್ದೆ. ಅದು ಹೇಗೆಂದು ಇಲ್ಲಿ ಬರೆಯುವುದಿಲ್ಲ, ಇನ್ನೊಂದು ಹೆಸರಿನ ವ್ಯಾಜ್ಯ ಬಾಕಿ ಇದೆ.

ಅವನು ಉತ್ತರವನ್ನೇ ಕೊಡಲಿಲ್ಲ. ಸುಮಾರು ಮೂರು ತಿಂಗಳಲ್ಲಿ ತೀರ್ಪು ಬಂತು. ಶುಲ್ಕ, ವಕೀಲರು, ಓಡಾಟ ಸೇರಿ ಎಂಬತ್ತು ಸಾವಿರದ ಆಸುಪಾಸು ಹೋಯಿತು. ಅವನಿಂದ ಒಂದು ರೂಪಾಯಿಯೂ ಬರಲಿಲ್ಲ, ಆದರೆ ಹೆಸರು ಬಂತು.

ಈಗ ಜನ ತಪ್ಪಾಗಿ ಒತ್ತುವ ಏಳು ಕಾಗುಣಿತಗಳನ್ನೂ ಕೊಂಡಿಟ್ಟಿದ್ದೇನೆ. ಕನ್ನಡ ಲಿಪಿಯ ಡಾಟ್ ಭಾರತ ಹೆಸರಿನಿಂದ ಇದುವರೆಗೆ ಒಂದು ಆರ್ಡರೂ ಇಲ್ಲ, ಆದರೂ ಪ್ರತಿ ವರ್ಷ ನವೀಕರಿಸುತ್ತೇನೆ. 'ಎ' ಒಂದು ಕಡಿಮೆ ಇರುವ ಹೆಸರಿನಿಂದ ಮಾತ್ರ ತಿಂಗಳಿಗೆ ನಾಲ್ಕೈದು ಕಿಲೋ ಹೋಗುತ್ತದೆ.