ಮುಂಬಾಗಿಲಿಗೆ ಬೀಗ ಸರಿ, ಹಿತ್ತಿಲ ಬಾಗಿಲು ಹಾಕಿದ್ದೀರಾ?

“ನನ್ನ ಪಾಸ್‌ವರ್ಡ್ ಯಾರಿಗೂ ಗೊತ್ತಿರಲಿಲ್ಲ. ಆದರೂ ಅಕೌಂಟ್ ಹೋಯ್ತು.”

ಹೀಗೆ ಹೇಳುವವರು ಸುಳ್ಳು ಹೇಳುತ್ತಿರುವುದಿಲ್ಲ. ಕದ್ದವನು ಪಾಸ್‌ವರ್ಡ್ ಊಹಿಸುವ ಕಷ್ಟಕ್ಕೇ ಹೋಗಿರುವುದಿಲ್ಲ, ಅಷ್ಟೇ. ‘ಪಾಸ್‌ವರ್ಡ್ ಮರೆತಿರಾ?’ ಎಂಬ ಲಿಂಕ್ ಒತ್ತಿ, ಆ ದಾರಿಯಲ್ಲೇ ಒಳಗೆ ಬಂದಿರುತ್ತಾನೆ. ಮುಂಬಾಗಿಲಿಗೆ ಮೂರು ಬೀಗ ಜಡಿದು ಹಿತ್ತಿಲ ಬಾಗಿಲಿಗೆ ಚಿಲಕವನ್ನೂ ಹಾಕದೆ ಬಿಟ್ಟ ಮನೆಯ ಹಾಗೆ.

ಖಾಸಗಿ ಮಾಹಿತಿ ಕಾಪಾಡಿಕೊಳ್ಳುವುದು ಹೇಗೆ ಎಂದು ಕೇಳಿದರೆ ಸಲಹೆಗಳ ಉದ್ದನೆಯ ಪಟ್ಟಿ ಸಿಗುತ್ತದೆ. ಓದಿದವರು ಎರಡು ಮಾಡಿ ಕೈಬಿಡುತ್ತಾರೆ. ಅದಕ್ಕೇ ನಾನು ಒಂದೇ ಕೆಲಸ ಹೇಳುತ್ತೇನೆ. ಮೊದಲು ನಿಮ್ಮ ಮುಖ್ಯ ಇಮೇಲನ್ನು ಭದ್ರ ಮಾಡಿ. ಬ್ಯಾಂಕು, ಖರೀದಿ, ಫೋಟೊ, ಸೋಷಿಯಲ್ ಮೀಡಿಯಾ, ಹೆಚ್ಚುಕಡಿಮೆ ಎಲ್ಲದರ ಪಾಸ್‌ವರ್ಡ್ ಬದಲಿಸುವ ಲಿಂಕ್ ಬಂದು ಬೀಳುವುದು ಅಲ್ಲಿಗೇ. ಅದು ಕೈತಪ್ಪಿದರೆ ಉಳಿದವು ಒಂದರ ಹಿಂದೆ ಒಂದು ಹೋಗುತ್ತವೆ. ಒಂದು ಸಂಜೆ ಬಿಡುವು ಮಾಡಿಕೊಳ್ಳಿ. ಕಂಪ್ಯೂಟರ್, ಫೋನ್, ಒಂದು ಹಾಳೆ, ಒಂದು ಪೆನ್ನು ಇಟ್ಟುಕೊಳ್ಳಿ. ಹಾಳೆ, ಪೆನ್ನು ಮರೆಯಬೇಡಿ, ಕೊನೆಗೆ ಕೈಹಿಡಿಯುವುದು ಅವೇ.

ಹಂತ 1: ಪಾಸ್‌ವರ್ಡ್

ಇದು ಸುಲಭದ ಕೆಲಸ. ಒಂದಕ್ಕೊಂದು ಸಂಬಂಧವೇ ಇಲ್ಲದ ಐದು ಪದ ಸೇರಿಸಿ ಉದ್ದನೆಯದೊಂದು ಮಾಡಿ. ಬೇರೆ ಎಲ್ಲೂ ಬಳಸಿರಬಾರದು. ಮುಗಿಯಿತು.

ಮೂರು ತಿಂಗಳಿಗೊಮ್ಮೆ ಬದಲಿಸಬೇಕು, ಒಂದು ದೊಡ್ಡಕ್ಷರ, ಒಂದು ಅಂಕಿ, ಒಂದು ಚಿಹ್ನೆ ಇರಲೇಬೇಕು ಎಂಬ ಹಳೇ ಪಾಠ ಮರೆತುಬಿಡಿ. ಅಮೆರಿಕದ ಮಾನದಂಡ ಸಂಸ್ಥೆ ನಿಸ್ಟ್ 2003ರಲ್ಲಿ ಹೊರತಂದ ಮಾರ್ಗದರ್ಶಿಯಿಂದ ಇಂಥ ನಿಯಮಗಳು ಎಲ್ಲೆಡೆ ಹಬ್ಬಿದವು. 2017ರಲ್ಲಿ ಅದೇ ಸಂಸ್ಥೆ ಅವನ್ನು ಕೈಬಿಟ್ಟಿತು. ಮಾರ್ಗದರ್ಶಿ ಬರೆದ ಬಿಲ್ ಬರ್ ಕೂಡ ತಾವು ಹೇಳಿದ್ದರಲ್ಲಿ ಬಹುಪಾಲಿಗೆ ಈಗ ಬೇಸರವಿದೆ ಎಂದು ಒಪ್ಪಿಕೊಂಡರು. ಬದಲಿಸು ಬದಲಿಸು ಎಂದು ಬಲವಂತ ಮಾಡಿದರೆ ಜನ ಕೊನೆಯ ಅಂಕಿ ಒಂದನ್ನು ಎರಡು ಮಾಡುತ್ತಾರೆ. ಕದಿಯುವವನಿಗೂ ಅದು ಗೊತ್ತು.

ಉಳಿದ ನೂರಾರು ಅಕೌಂಟ್‌ಗಳಿಗೆ ಪಾಸ್‌ವರ್ಡ್ ಮ್ಯಾನೇಜರ್ ಬಳಸಿ. ಎಲ್ಲ ಪಾಸ್‌ವರ್ಡನ್ನೂ ಒಂದೇ ಮಾಸ್ಟರ್ ಪಾಸ್‌ವರ್ಡಿನ ಹಿಂದೆ ಬೀಗ ಹಾಕಿ ಇಡುವ ಆ್ಯಪ್ ಅದು. ಬಿಟ್‌ವಾರ್ಡನ್ ಉಚಿತವಾಗಿ ಸಿಗುತ್ತದೆ, ಅದರ ಕೋಡ್ ಯಾರು ಬೇಕಾದರೂ ನೋಡಬಹುದು. ನನ್ನ ಓಟು ಅದಕ್ಕೇ. ಲಾಸ್ಟ್‌ಪಾಸ್ ಬೇಡ ಎನ್ನುತ್ತೇನೆ. 2022ರಲ್ಲಿ ಅದರ ಗ್ರಾಹಕರ ಪಾಸ್‌ವರ್ಡ್ ಕಣಜಗಳ ಪ್ರತಿಯೇ ಕಳುವಾಯಿತು. ಪಾಸ್‌ವರ್ಡ್‌ಗಳು ಬೀಗ ಹಾಕಿದ್ದ ರೂಪದಲ್ಲೇ ಕಳುವಾಗಿದ್ದು ನಿಜ, ಆದರೆ ಮಾಸ್ಟರ್ ಪಾಸ್‌ವರ್ಡ್ ಸಡಿಲ ಇಟ್ಟವರ ಪಾಡು ಏನು? ಕಳ್ಳನಿಗೆ ಕೂತು ಒಡೆಯಲು ಬೇಕಾದಷ್ಟು ಸಮಯವಿದೆ.

ನಿಮ್ಮ ವಿಳಾಸ ಈಗಾಗಲೇ ಯಾವುದಾದರೂ ಸೋರಿಕೆಯಲ್ಲಿ ಸಿಕ್ಕಿಬಿದ್ದಿದೆಯೇ ನೋಡಬೇಕಾದರೆ ‘ಹ್ಯಾವ್ ಐ ಬೀನ್ ಪೋನ್ಡ್’ ಎಂಬ ತಾಣವಿದೆ. ಆಸ್ಟ್ರೇಲಿಯಾದ ಟ್ರಾಯ್ ಹಂಟ್ 2013ರಿಂದ ನಡೆಸುತ್ತಿದ್ದಾರೆ. ಇಮೇಲ್ ವಿಳಾಸ ಹಾಕಿದರೆ ಸಾಕು. ಇದೇ ಕೆಲಸ ಮಾಡುತ್ತೇವೆ ಎಂದು ನಿಮ್ಮ ಪಾಸ್‌ವರ್ಡನ್ನೂ ಕೇಳುವ ಅಡ್ಡಾದಿಡ್ಡಿ ತಾಣಗಳಿವೆ. ಅತ್ತ ತಲೆ ಹಾಕಬೇಡಿ.

ಹಂತ 2: ಹಿತ್ತಿಲ ಬಾಗಿಲು

ಜನ ಎಡವುವುದು ಇಲ್ಲೇ. ಆದ್ದರಿಂದ ನಿಧಾನವಾಗಿ ಹೋಗೋಣ.

ಬ್ರೌಸರ್‌ನಲ್ಲಿ ಖಾಸಗಿ ಕಿಟಕಿ ತೆರೆಯಿರಿ. ನಿಮ್ಮ ಇಮೇಲ್ ವಿಳಾಸ ಹಾಕಿ, ಕಳ್ಳನ ಹಾಗೆಯೇ ‘ಪಾಸ್‌ವರ್ಡ್ ಮರೆತಿರಾ?’ ಒತ್ತಿ. ಯಾವ ಯಾವ ದಾರಿ ತೋರಿಸುತ್ತದೆ ಎಂದು ಹಾಳೆಯಲ್ಲಿ ಬರೆದುಕೊಳ್ಳಿ. ಕೊನೆಯ ಎರಡಂಕಿ ಮಾತ್ರ ಕಾಣುವ ಫೋನ್ ನಂಬರ್, ಅರ್ಧ ಚುಕ್ಕಿಗಳಲ್ಲಿ ಮುಚ್ಚಿದ ಇನ್ನೊಂದು ಇಮೇಲ್, ಹೀಗೆ. ನೋಡಿದ ಮೇಲೆ ಕಿಟಕಿ ಮುಚ್ಚಿಬಿಡಿ. ಮುಂದುವರಿಸಬೇಡಿ. ಪದೇ ಪದೇ ಆಡಿದರೆ ಕೆಲವು ಸೇವೆಗಳು ನಿಮ್ಮನ್ನೇ ಹೊರಗೆ ನಿಲ್ಲಿಸುತ್ತವೆ.

ಈ ಪುಟವನ್ನು ಅಸಡ್ಡೆ ಮಾಡಬೇಡಿ. 2012ರಲ್ಲಿ ‘ವೈರ್ಡ್’ ಪತ್ರಿಕೆಯ ಮ್ಯಾಟ್ ಹೊನನ್ ಅವರ ಡಿಜಿಟಲ್ ಬದುಕು ಒಂದೇ ಸಂಜೆಯಲ್ಲಿ ಮಣ್ಣುಪಾಲಾದದ್ದು ಇಲ್ಲಿಂದಲೇ. ಅವರ ಜಿಮೇಲ್‌ನ ಈ ಪುಟ ಅರ್ಧ ಮುಚ್ಚಿದ ಆಪಲ್ ವಿಳಾಸವೊಂದನ್ನು ತೋರಿಸಿತು. ಅಮೆಜಾನ್ ಅಕೌಂಟ್ ಮೂಲಕ ಅವರ ಕಾರ್ಡಿನ ಕೊನೆಯ ನಾಲ್ಕಂಕಿ ಕಳ್ಳರಿಗೆ ಸಿಕ್ಕಿತು. ಅಕೌಂಟ್ ಬಿಟ್ಟುಕೊಡಲು ಆಗಿನ ಆಪಲ್ ಸಹಾಯವಾಣಿಗೆ ಬಿಲ್ ವಿಳಾಸದ ಜೊತೆ ಆ ನಾಲ್ಕಂಕಿ ಇದ್ದರೆ ಸಾಕಿತ್ತು. ಆಪಲ್‌ನಿಂದ ಜಿಮೇಲ್, ಜಿಮೇಲ್‌ನಿಂದ ಟ್ವಿಟರ್. ಮಧ್ಯದಲ್ಲಿ ಕಳ್ಳರು ಅವರ ಫೋನ್, ಟ್ಯಾಬ್ಲೆಟ್, ಲ್ಯಾಪ್‌ಟಾಪ್ ಮೂರನ್ನೂ ದೂರದಿಂದಲೇ ಅಳಿಸಿಹಾಕಿದರು. ಇಡೀ ಸರಣಿಯಲ್ಲಿ ಯಾರೂ ಒಂದು ಪಾಸ್‌ವರ್ಡನ್ನೂ ಒಡೆದಿರಲಿಲ್ಲ.

ಈಗ ಹಾಳೆಯಲ್ಲಿ ಬರೆದದ್ದನ್ನು ಒಂದೊಂದಾಗಿ ನೋಡಿ.

ಫೋನ್ ನಂಬರ್ ಈಗಲೂ ನಿಮ್ಮದೇನಾ? ಬಿಟ್ಟುಬಿಟ್ಟ ನಂಬರನ್ನು ಕಂಪನಿಗಳು ಕೆಲ ಕಾಲದ ನಂತರ ಬೇರೆಯವರಿಗೆ ಕೊಡುತ್ತವೆ. ಆಮೇಲೆ ನಿಮ್ಮ ಕೋಡ್ ಹೋಗುವುದು ಆ ಅಪರಿಚಿತರ ಕೈಗೆ.

ಬದಲಿ ಇಮೇಲ್ ಯಾವುದು? ಹಿಂದೆ ಓದಿದ ಕಾಲೇಜಿನದ್ದೋ, ಬಿಟ್ಟುಬಂದ ಆಫೀಸಿನದ್ದೋ ಇದ್ದರೆ ಇವತ್ತೇ ತೆಗೆಯಿರಿ. ಆಫೀಸಿನ ಮೇಲ್ ಆಫೀಸಿನ ಸೊತ್ತು. ವರ್ಷಗಟ್ಟಲೆ ತೆರೆಯದ ಹಳೇ ಮೇಲ್ ಇನ್ನೂ ಅಪಾಯ, ಏಕೆಂದರೆ ಅದರ ಪಾಸ್‌ವರ್ಡ್ ಹಳೇ ಕಾಲದ್ದು, ಆರಕ್ಷರದ್ದು.

ಇನ್ನೊಂದು ತಪ್ಪು ನಾನು ಮತ್ತೆ ಮತ್ತೆ ನೋಡುತ್ತೇನೆ. ಮೊದಲನೆಯ ಮೇಲ್‌ಗೆ ಎರಡನೆಯದು ಆಸರೆ, ಎರಡನೆಯದಕ್ಕೆ ಮೊದಲನೆಯದೇ ಆಸರೆ, ಎರಡೂ ಇರುವುದು ಒಂದೇ ಫೋನಿನಲ್ಲಿ. ಫೋನ್ ಕಳೆದ ದಿನ ಎರಡೂ ಒಂದನ್ನೊಂದು ಕೇಳುತ್ತಾ ನಿಲ್ಲುತ್ತವೆ, ನೀವು ಹೊರಗೆ. ಬದಲಿ ಮೇಲ್ ತನ್ನ ಕಾಲ ಮೇಲೆ ತಾನು ನಿಲ್ಲುವಂತಿರಬೇಕು. ಬೇರೆ ಕಂಪನಿಯದ್ದು, ಬೇರೆ ಪಾಸ್‌ವರ್ಡ್, ಅದಕ್ಕೂ ಇದೇ ಭದ್ರತೆ.

ಕೊನೆಯದು, ಪಾಸ್‌ವರ್ಡ್ ಮರೆತಾಗ ತಾಣ ಕೇಳುವ ಗುಟ್ಟಿನ ಪ್ರಶ್ನೆಗಳು. ಇಷ್ಟು ಕೆಟ್ಟ ಉಪಾಯ ಇಷ್ಟು ವರ್ಷ ಹೇಗೆ ಬಾಳಿತೋ! 2008ರಲ್ಲಿ ಅಮೆರಿಕದ ಉಪಾಧ್ಯಕ್ಷ ಸ್ಥಾನಕ್ಕೆ ನಿಂತಿದ್ದ ಸಾರಾ ಪೇಲಿನ್ ಅವರ ಯಾಹೂ ಮೇಲ್‌ಗೆ ಒಬ್ಬ ಕಾಲೇಜು ಹುಡುಗ ನುಗ್ಗಿದ. ಹುಟ್ಟಿದ ದಿನ, ಅಂಚೆ ಕೋಡ್, ಗಂಡನನ್ನು ಮೊದಲು ಭೇಟಿಯಾದ ಜಾಗ, ಇಷ್ಟೇ ಬೇಕಾಗಿದ್ದದ್ದು. ಹುಡುಕಿದರೆ ಸಿಗುವಂಥವು. ನಿಮ್ಮ ಮೊದಲ ಶಾಲೆ, ಸಾಕುನಾಯಿಯ ಹೆಸರು ನೀವೇ ಫೋಟೊ ಕೆಳಗೆ ಬರೆದು ಹಾಕಿರುತ್ತೀರಿ, ಅಲ್ವಾ? ಆದ್ದರಿಂದ ಅಲ್ಲಿ ಸುಳ್ಳು ಹೇಳಿ. ಶಾಲೆ ಯಾವುದು ಎಂದು ಕೇಳಿದರೆ ಪಾಸ್‌ವರ್ಡ್ ಮ್ಯಾನೇಜರ್ ಹುಟ್ಟಿಸಿದ ಅಕ್ಷರಗಳ ಗೊಂಚಲು ಹಾಕಿ, ಅದನ್ನು ಅಲ್ಲೇ ಉಳಿಸಿಡಿ. ನಿಮ್ಮ ಉತ್ತರ ನಿಜವೋ ಸುಳ್ಳೋ ಎಂದು ತಾಣ ನೋಡುವುದಿಲ್ಲ, ಮೊದಲು ಬರೆದದ್ದಕ್ಕೆ ಹೊಂದುತ್ತದೆಯೇ ಎಂದಷ್ಟೇ ನೋಡುತ್ತದೆ.

ಹಂತ 3: ಎರಡು ಹಂತದ ಪರಿಶೀಲನೆ, ಆದರೆ ಕ್ರಮವಾಗಿ

ಪಾಸ್‌ವರ್ಡ್ ಹಾಕಿದ ಮೇಲೆ ಇನ್ನೊಂದು ಕೋಡ್ ಕೂಡ ಕೇಳುವ ವ್ಯವಸ್ಥೆ ಇದು. ಇದನ್ನು ಆನ್ ಮಾಡಿ ಎಂದು ಎಲ್ಲರೂ ಹೇಳುತ್ತಾರೆ. ಯಾವ ಕ್ರಮದಲ್ಲಿ ಎಂದು ಹೇಳುವುದಿಲ್ಲ. ಸುಮ್ನೆ ಆನ್ ಮಾಡಿ ಖುಷಿಪಟ್ಟವರು ಫೋನ್ ಬಿದ್ದು ಒಡೆದ ದಿನ ಅಳುತ್ತಾರೆ.

ಆನ್ ಮಾಡಿದ ತಕ್ಷಣ ಬ್ಯಾಕಪ್ ಕೋಡ್‌ಗಳನ್ನು, ಅಂದರೆ ಫೋನ್ ಕೈಯಲ್ಲಿಲ್ಲದ ದಿನ ಬಳಸುವ ಕೋಡ್‌ಗಳನ್ನು, ತೆಗೆದುಕೊಳ್ಳಿ. ಗೂಗಲ್ ಆದರೆ ಎಂಟು ಅಂಕಿಯ 10 ಕೋಡ್ ಕೊಡುತ್ತದೆ. ಒಂದೊಂದೂ ಒಂದೇ ಸಲ ನಡೆಯುತ್ತದೆ. ಹೊಸ ಪಟ್ಟಿ ಪಡೆದರೆ ಹಳೆಯದು ರದ್ದು. ಇವನ್ನು ಹಾಳೆಯಲ್ಲಿ ಬರೆದುಕೊಳ್ಳಿ, ಇಲ್ಲವೇ ಪ್ರಿಂಟ್ ತೆಗೆದು ಮುಖ್ಯ ಕಾಗದಪತ್ರಗಳ ಜೊತೆ ಇಡಿ. ಸ್ಕ್ರೀನ್‌ಶಾಟ್ ತೆಗೆದು ಗ್ಯಾಲರಿಯಲ್ಲಿ ಇಡುವವರೇ ಜಾಸ್ತಿ. ಆ ಫೋಟೊ ಹೋಗಿ ಕೂರುವುದು ಅದೇ ಅಕೌಂಟಿನ ಕ್ಲೌಡ್‌ನಲ್ಲಿ. ಬಾಗಿಲು ತೆರೆಯದಿದ್ದಾಗ ಬೇಕಾದ ಕೋಡ್ ಬಾಗಿಲ ಒಳಗಡೆ ಇದ್ದು ಏನು ಪ್ರಯೋಜನ?

ಆಮೇಲೆ ಅಥೆಂಟಿಕೇಟರ್ ಆ್ಯಪ್. ಕಂಪ್ಯೂಟರ್ ಪರದೆಯ ಮೇಲೆ ಕ್ಯೂಆರ್ ಕೋಡ್ ಬರುತ್ತದೆ, ಅದನ್ನು ಆ್ಯಪ್‌ನಿಂದ ಸ್ಕ್ಯಾನ್ ಮಾಡಬೇಕು. ಆ ಚೌಕದಲ್ಲಿ ಒಂದು ಗುಟ್ಟಿನ ಕೀ ಅಡಗಿದೆ. ಅದನ್ನೂ ಗಡಿಯಾರವನ್ನೂ ಸೇರಿಸಿ ಆ್ಯಪ್ ಸಾಮಾನ್ಯವಾಗಿ 30 ಸೆಕೆಂಡಿಗೊಂದು ಆರಂಕಿ ಹುಟ್ಟಿಸುತ್ತದೆ. ಇಂಟರ್ನೆಟ್ ಬೇಡ, ಸಿಗ್ನಲ್ ಬೇಡ. ಕೋಡ್ ಸರಿ ಹಾಕಿದರೂ ತಪ್ಪು ಎನ್ನುತ್ತಿದ್ದರೆ ಫೋನಿನ ಸಮಯ ಹಿಂದೆಮುಂದೆ ಆಗಿರಬಹುದು. ಸಮಯವನ್ನು ತಾನೇ ಹೊಂದಿಸಿಕೊಳ್ಳುವಂತೆ ಬಿಡಿ, ಸರಿಹೋಗುತ್ತದೆ. ಮನೆಯಲ್ಲಿ ಎರಡನೇ ಫೋನ್ ಇದ್ದರೆ ಅದೇ ಚೌಕವನ್ನು ಅದರಲ್ಲೂ ಸ್ಕ್ಯಾನ್ ಮಾಡಿ, ಎರಡರಲ್ಲೂ ಒಂದೇ ಕೋಡ್ ಬರುತ್ತದೆ. ಆದರೆ ಆ ಚೌಕದ ಫೋಟೊ ತೆಗೆದು ಯಾರಿಗೂ ಕಳಿಸಬೇಡಿ. ಅದು ಯಾರ ಬಳಿ ಇದೆಯೋ ಅವರಿಗೆಲ್ಲ ನಿಮ್ಮ ಕೋಡ್ ಬರುತ್ತಿರುತ್ತದೆ.

ಆ್ಯಪ್ ಕೆಲಸ ಮಾಡುತ್ತಿದೆ ಎಂದು ಒಮ್ಮೆ ಲಾಗೌಟ್ ಆಗಿ ಲಾಗಿನ್ ಆಗಿ ನೋಡಿ. ಆಮೇಲಷ್ಟೇ ಈ ಪರಿಶೀಲನೆಯ ಆಯ್ಕೆಗಳಿಂದ ಎಸ್‌ಎಂಎಸ್ ಕೋಡನ್ನು ತೆಗೆಯಿರಿ. ಮೊದಲೇ ತೆಗೆದು ಸಿಕ್ಕಿಹಾಕಿಕೊಂಡವರಿದ್ದಾರೆ. ಎಸ್‌ಎಂಎಸ್ ಏಕೆ ಬೇಡ? ಮೊಬೈಲ್ ಕಂಪನಿಯನ್ನು ನಂಬಿಸಿ ನಿಮ್ಮ ನಂಬರನ್ನು ತನ್ನ ಸಿಮ್‌ಗೆ ಹಾಕಿಸಿಕೊಳ್ಳಬಲ್ಲವನಿಗೆ ನಿಮ್ಮ ಕೋಡೆಲ್ಲ ಅವನದೇ. 2019ರಲ್ಲಿ ಟ್ವಿಟರ್‌ನ ಮುಖ್ಯಸ್ಥರಾಗಿದ್ದ ಜಾಕ್ ಡಾರ್ಸಿ ಅವರ ಟ್ವಿಟರ್ ಅಕೌಂಟೇ ಹೀಗೆ ನಂಬರ್ ಕೈತಪ್ಪಿ ಹೋಗಿತ್ತು. ಆದರೂ ಎಸ್‌ಎಂಎಸ್ ಬಿಟ್ಟು ಬೇರೆ ದಾರಿಯೇ ಕೊಡದ ತಾಣಗಳಿವೆ. ಅಲ್ಲಿ ಅದನ್ನೇ ಇಟ್ಟುಕೊಳ್ಳಿ, ಏನೂ ಇಲ್ಲದ್ದಕ್ಕಿಂತ ಮೇಲು.

ಪಾಸ್‌ಕೀ ಎಂಬ ಆಯ್ಕೆ ಕಂಡರೆ ಒಪ್ಪಿಕೊಳ್ಳಿ. ಪಾಸ್‌ವರ್ಡ್ ಬದಲು ಫೋನಿನ ಬೆರಳಚ್ಚು, ಮುಖ ಅಥವಾ ಪಿನ್‌ನಿಂದಲೇ ಒಳಗೆ ಬಿಡುವ ಕೀಲಿ ಅದು. ಆರಂಕಿಯ ಕೋಡನ್ನು ನಕಲಿ ತಾಣದಲ್ಲಿ ನೀವೇ ಟೈಪ್ ಮಾಡಿಕೊಟ್ಟುಬಿಡಬಹುದು. ಪಾಸ್‌ಕೀ ಅಸಲಿ ವಿಳಾಸಕ್ಕೇ ಗಂಟುಬಿದ್ದಿರುತ್ತದೆ, ನಕಲಿ ಪುಟದಲ್ಲಿ ಬಾಯಿಯೇ ಬಿಡುವುದಿಲ್ಲ.

ಹಂತ 4: ಒಳಗೆ ಯಾರಾದರೂ ಉಳಿದಿದ್ದಾರಾ?

ಅಕೌಂಟಿನ ಸೆಟ್ಟಿಂಗ್ಸ್‌ನಲ್ಲಿ ಲಾಗಿನ್ ಆಗಿರುವ ಸಾಧನಗಳ ಪಟ್ಟಿ ನೋಡಿ, ಗುರುತು ಸಿಗದವನ್ನೆಲ್ಲ ಸೈನ್ ಔಟ್ ಮಾಡಿ. ಬಳಸದ ಆ್ಯಪ್‌ಗಳಿಗೆ ಕೊಟ್ಟ ಅನುಮತಿ ಕಿತ್ತುಹಾಕಿ.

ನಂತರ ಬಹಳ ಜನ ನೋಡದ ಜಾಗ ಒಂದಿದೆ: ಮೇಲ್ ಫಾರ್ವರ್ಡಿಂಗ್ ಮತ್ತು ಫಿಲ್ಟರ್. ಒಳನುಗ್ಗಿದವನು ಬರುವ ಮೇಲ್‌ಗಳ ಪ್ರತಿ ತನಗೆ ಬರುವಂತೆ ಒಂದು ಸಾಲು ಸೇರಿಸಿ ಹೋಗಿರಬಹುದು. ನೀವು ಪಾಸ್‌ವರ್ಡ್ ಬದಲಿಸಿದರೂ ಆ ಸಾಲು ಅಲ್ಲೇ ಇರುತ್ತದೆ. ಜಿಮೇಲ್‌ನ ಮೊಬೈಲ್ ಆ್ಯಪ್‌ನಲ್ಲಿ ಇದನ್ನು ಬದಲಿಸಲು ಆಗುವುದಿಲ್ಲ, ಕಂಪ್ಯೂಟರ್‌ನಲ್ಲಿ ತೆರೆದು ಸೆಟ್ಟಿಂಗ್ಸ್‌ಗೆ ಹೋಗಬೇಕು. ನೀವು ಹಾಕದ ಯಾವುದೇ ವಿಳಾಸ ಕಂಡರೆ ಅಳಿಸಿ.

ಇನ್ನು ‘ಉಚಿತ ವಿಪಿಎನ್ ಹಾಕಿಕೊಂಡಿದ್ದೇನೆ, ಇಷ್ಟೆಲ್ಲ ಏಕೆ’ ಎನ್ನುವವರಿಗೆ ಎರಡು ಮಾತು. ವಿಪಿಎನ್ ಎಂದರೆ ನಿಮ್ಮ ಇಂಟರ್ನೆಟ್ ಓಡಾಟವನ್ನೆಲ್ಲ ತನ್ನ ಸರ್ವರ್ ಮೂಲಕ ಹಾಯಿಸುವ ಸೇವೆ. ಫೇಸ್‌ಬುಕ್ ಒಡೆತನದ ಒನಾವೊ ಎಂಬ ಉಚಿತ ವಿಪಿಎನ್ ಇತ್ತು. ಜನ ಯಾವ ಆ್ಯಪ್ ಎಷ್ಟು ಬಳಸುತ್ತಾರೆ ಎಂಬ ಲೆಕ್ಕ ಅದರ ಮೂಲಕವೇ ಕಂಪನಿಗೆ ಸಿಗುತ್ತಿತ್ತು. 2019ರಲ್ಲಿ ಮುಚ್ಚಿತು. ಅವಾಸ್ಟ್ ಎಂಬ ಹೆಸರಾಂತ ಆ್ಯಂಟಿವೈರಸ್ ತನ್ನ ಬಳಕೆದಾರರು ನೋಡಿದ ತಾಣಗಳ ಮಾಹಿತಿ ಮಾರಿದ ಪ್ರಕರಣದಲ್ಲಿ 2024ರಲ್ಲಿ ಅಮೆರಿಕದಲ್ಲಿ 1.65 ಕೋಟಿ ಡಾಲರ್ ತೆರಬೇಕಾಯಿತು. ಕಾಪಾಡುತ್ತೇನೆ ಎಂದು ಬಂದದ್ದನ್ನೆಲ್ಲ ಇನ್‌ಸ್ಟಾಲ್ ಮಾಡಬೇಡಿ. ಇನ್‌ಕಾಗ್ನಿಟೊ, ಅಂದರೆ ಆಗ ಹೇಳಿದ ಖಾಸಗಿ ಕಿಟಕಿಯೂ ಅಷ್ಟೇ, ನಿಮ್ಮ ಕಂಪ್ಯೂಟರ್‌ನಲ್ಲಿ ಜಾಡು ಉಳಿಸುವುದಿಲ್ಲ, ಹೊರಗಿನವರ ಕಣ್ಣಿಗೆ ನೀವು ಕಾಣುತ್ತಲೇ ಇರುತ್ತೀರಿ.

ಹಂತ 5: ಫೋನ್ ಬದಲಿಸುವ ದಿನ

ಮೇಲಿನದೆಲ್ಲ ಸರಿ ಮಾಡಿದವರೂ ಹೊಸ ಫೋನ್ ಬಂದ ಸಂಭ್ರಮದಲ್ಲಿ ಹಳೆಯದನ್ನು ಅಳಿಸಿ ಕೊಟ್ಟುಬಿಡುತ್ತಾರೆ. ಅಥೆಂಟಿಕೇಟರ್ ಅದರಲ್ಲೇ ಹೋಯಿತು. ಗೂಗಲ್‌ನ ಆ್ಯಪ್ 2023ರಿಂದ ಕೋಡ್‌ಗಳನ್ನು ಅಕೌಂಟ್ ಜೊತೆ ಸಿಂಕ್ ಮಾಡಬಲ್ಲದು, ಆದರೆ ನೀವು ಆಯ್ಕೆ ಮಾಡಿದ್ದರೆ ಮಾತ್ರ. ಹೊಸ ಫೋನಿಗೆ ವರ್ಗಾಯಿಸಿ, ಹೊಸದರಲ್ಲಿ ಬಂದ ಕೋಡ್ ಹಾಕಿ ಒಮ್ಮೆ ಲಾಗಿನ್ ಆಗಿ, ಹಾಳೆಯಲ್ಲಿ ಇನ್ನೂ ಎಷ್ಟು ಬ್ಯಾಕಪ್ ಕೋಡ್ ಉಳಿದಿವೆ ನೋಡಿಕೊಳ್ಳಿ. ಹಳೇ ಫೋನನ್ನು ಒಂದು ವಾರ ಹಾಗೇ ಡ್ರಾಯರ್‌ನಲ್ಲಿಡಿ. ಮರೆತುಹೋದ ಯಾವುದೋ ಅಕೌಂಟ್ ಆ ವಾರದಲ್ಲೇ ಕೋಡ್ ಕೇಳುತ್ತದೆ. ಆಮೇಲೆ ಅಳಿಸಿ, ಯಾರಿಗೆ ಬೇಕಾದರೂ ಕೊಡಿ.