ಫ್ಲೋರಿನ್ ಹರಿಯುವ ಮುನ್ನ: ಒಂದು ಕೊಳವೆಮಾರ್ಗದ ಪ್ಯಾಸಿವೇಶನ್

ಪ್ಲಾಸ್ಟಿಕ್ ಇಂಧನ ಟ್ಯಾಂಕುಗಳ ಗೋಡೆಯಿಂದ ಪೆಟ್ರೋಲ್ ಜಿನುಗದಂತೆ ಅವುಗಳ ಒಳಮೈಯನ್ನು ಫ್ಲೋರಿನ್‌ನಿಂದ ಸಂಸ್ಕರಿಸುವ ಘಟಕವೊಂದರಲ್ಲಿ ಅನಿಲದ ಕೊಳವೆಮಾರ್ಗ ನನ್ನ ಹೊಣೆಯಾಗಿತ್ತು. ಹೊಸ ಮಾರ್ಗವನ್ನು ಅಣಿಗೊಳಿಸುವಾಗ ನನ್ನ ಹೆಚ್ಚಿನ ಸಮಯ ಹೋದದ್ದು ಎಣ್ಣೆಯ ಪಸೆ ಮತ್ತು ತೇವಾಂಶವನ್ನು ಹೋಗಲಾಡಿಸುವುದಕ್ಕೆ.

ಫ್ಲೋರಿನ್‌ನ ಎರಡು ಪರಮಾಣುಗಳ ನಡುವಿನ ಬಂಧ ದುರ್ಬಲ, ಮೋಲ್‌ಗೆ ಸುಮಾರು 158 ಕಿಲೋಜೂಲ್ ಮಾತ್ರ. ಆದರೆ ಇಂಗಾಲ ಮತ್ತು ಜಲಜನಕದೊಂದಿಗೆ ಅದು ಕಟ್ಟಿಕೊಳ್ಳುವ ಬಂಧಗಳು ಬಹಳ ಬಲವಾದವು. ಹೀಗಾಗಿ ಕಿಡಿಯಿಲ್ಲದೆಯೇ ಎಣ್ಣೆ, ರಬ್ಬರು, ಬಟ್ಟೆ ಹೊತ್ತಿಕೊಳ್ಳಬಲ್ಲವು. ನಿಕ್ಕಲ್ ಮತ್ತು ಅದರ ತಾಮ್ರದೊಡನೆಯ ಮಿಶ್ರಲೋಹವಾದ ಮೋನೆಲ್ ಇದನ್ನು ತಾಳುತ್ತವೆ ಎನ್ನುವುದು ಅರ್ಧಸತ್ಯ: ಅವೂ ವರ್ತಿಸುತ್ತವೆ, ಆದರೆ ಮೇಲೆ ಮೂಡುವ ಫ್ಲೋರೈಡ್ ಪದರ ಅಂಟಿಕೊಂಡು ಒಳಗಿನ ಲೋಹವನ್ನು ಕಾಯುತ್ತದೆ. ಆ ಪದರವನ್ನು ನಿಧಾನವಾಗಿ ಬೆಳೆಸುವುದೇ ಪ್ಯಾಸಿವೇಶನ್.

ತೊಳೆದು, ಒಣ ನೈಟ್ರೋಜನ್ ಹಾಯಿಸಿ, ಹೀಲಿಯಂನಿಂದ ಸೋರಿಕೆ ನೋಡಿದ ಬಳಿಕ, ನೈಟ್ರೋಜನ್‌ನಲ್ಲಿ 20 ಶೇಕಡಾ ಫ್ಲೋರಿನ್ ಬೆರೆಸಿದ ಅನಿಲವನ್ನು ಕಡಿಮೆ ಒತ್ತಡದಲ್ಲಿ ಬಿಟ್ಟು ಕವಾಟ ಮುಚ್ಚಿದೆ. ಮಾಪಕದ ಮುಳ್ಳು ಮೆಲ್ಲನೆ ಇಳಿಯಿತು. ಮಾರ್ಗ ಸೋರುತ್ತಿಲ್ಲವೆಂದು ಗೊತ್ತಿದ್ದುದರಿಂದ, ಲೋಹವೇ ಫ್ಲೋರಿನ್ನನ್ನು ಹೀರುತ್ತಿದೆ ಎಂದು ತಿಳಿಯಿತು. ಮುಳ್ಳು ನಿಂತ ಮೇಲೆ ಮತ್ತೊಂದು ಕಂತು, ಒತ್ತಡ ಸ್ವಲ್ಪ ಹೆಚ್ಚು. ಈ ಕೆಲಸದಲ್ಲಿ ಅವಸರಕ್ಕೆ ಜಾಗವಿಲ್ಲ.

ಮೂರನೆಯ ಕಂತಿನಲ್ಲಿ ಒಂದು ಕವಾಟಕ್ಕೆ ಕಟ್ಟಿದ್ದ, ತಾಪ ಅಳೆಯುವ ಥರ್ಮೋಕಪಲ್‌ನ ಅಂಕಿ ಏಕಾಏಕಿ ಜಿಗಿಯಿತು. ತಡೆಗೋಡೆಯ ಆಚೆಗಿದ್ದ ಹಿಡಿಯಿಂದ ಅನಿಲ ನಿಲ್ಲಿಸಿ, ಒಳಗಿದ್ದುದನ್ನು ಫ್ಲೋರಿನ್ನನ್ನು ಹೀರಿಕೊಳ್ಳುವ ಅಲ್ಯುಮಿನಾ ಗೋಪುರದತ್ತ ಹರಿಸಿ, ನೈಟ್ರೋಜನ್‌ನಿಂದ ಶುದ್ಧಗೊಳಿಸಿದೆ. ಬಿಚ್ಚಿ ನೋಡಿದಾಗ ಕವಾಟ ಮುಚ್ಚಿದಾಗ ಬಿಗಿಯಾಗಿ ಕೂರುವ ಟೆಫ್ಲಾನ್ ಸೀಟಿನ ಅಂಚು ಸುಟ್ಟು ಕುಳಿಬಿದ್ದಿತ್ತು, ಪಕ್ಕದ ಲೋಹದ ಮೇಲೆ ಕಪ್ಪು ಕಲೆ. ದುರಸ್ತಿಯಿಂದ ಬಂದ ಆ ಕವಾಟದ ಕಾಂಡಕ್ಕೆ ಯಾರೋ ಸಾಮಾನ್ಯ ಗ್ರೀಸ್ ಸವರಿದ್ದರು. ಅದನ್ನು ಬಿಚ್ಚಿ ಪರೀಕ್ಷಿಸದೆ ಜೋಡಿಸಿದ ತಪ್ಪು ನನ್ನದೇ.

ಸೋರಿಕೆಯ ವಿಷಯದಲ್ಲಿ ಮೂಗನ್ನು ನಂಬಬಾರದು ಎಂಬುದು ನನ್ನ ನಿಲುವು. ಘಾಟು ಮೊದಲೇ ಗೊತ್ತಾಗುತ್ತದೆ ನಿಜ, ಆದರೆ ಕೆಲಸದ ಪಾಳಿಗೆ ಅಮೆರಿಕ ನಿಗದಿಪಡಿಸಿದ ಮಿತಿಯೇ ಹತ್ತು ಲಕ್ಷಕ್ಕೆ 0.1 ಭಾಗ. ತೇವಾಂಶ ಸಿಕ್ಕೊಡನೆ ಫ್ಲೋರಿನ್ ಹೈಡ್ರೋಜನ್ ಫ್ಲೋರೈಡ್ ಆಗುತ್ತದೆ. ಅದರ ಸುಟ್ಟಗಾಯದ ನೋವು ಕೆಲವೊಮ್ಮೆ ಗಂಟೆಗಳ ಬಳಿಕ ಶುರುವಾಗುತ್ತದೆ. ಆದ್ದರಿಂದ ತುರ್ತು ಶವರ್‌ನ ಬಳಿಯೇ ಆ ಗಾಯಕ್ಕೆ ಹಚ್ಚುವ ಕ್ಯಾಲ್ಸಿಯಂ ಗ್ಲುಕೋನೇಟ್ ಜೆಲ್ ಇರಿಸಿದ್ದೆ.

ಹೊಸ ಕವಾಟ ಜೋಡಿಸಿ ಮೊದಲ ಕಂತಿನಿಂದಲೇ ಮತ್ತೆ ಶುರುಮಾಡಿದೆ. ಪೂರ್ಣ ಒತ್ತಡದಲ್ಲಿ ಮುಳ್ಳು ಕದಲದೆ ನಿಂತ ಮೇಲಷ್ಟೇ ಮೊದಲ ಟ್ಯಾಂಕನ್ನು ಒಳಗಿಟ್ಟೆ.