ವಿಭೂತಿ ಹಚ್ಚಿ ಉಜ್ಜಿದ ಏಳು ರೂಪಾಯಿ

ಅಜ್ಜಿಯ ಮರದ ಪೆಟ್ಟಿಗೆಯಿಂದ ನನ್ನ ಪಾಲಿಗೆ ಬಂದ ಬೆಳ್ಳಿ ರೂಪಾಯಿಗಳು ಒಟ್ಟು 23. ಅವುಗಳಲ್ಲಿ 7 ನಾಣ್ಯಗಳನ್ನು ನಾನೇ ಕೈಯಾರೆ ಹಾಳು ಮಾಡಿದೆ. ದೇವರ ಮನೆಯ ದೀಪ, ಪಂಚಪಾತ್ರೆಗಳನ್ನು ವಿಭೂತಿ ಹಚ್ಚಿ ಬೆಳಗುವುದನ್ನು ನೋಡುತ್ತ ಬೆಳೆದವನಿಗೆ ಕಪ್ಪುಗಟ್ಟಿದ ಬೆಳ್ಳಿ ಕಂಡರೆ ಕೈ ಸುಮ್ಮನಿರುವುದಿಲ್ಲ. ಅರ್ಧ ಗಂಟೆಯಲ್ಲಿ ಏಳೂ ಫಳಫಳ ಹೊಳೆದವು. ಅವನ್ನು ತೋರಿಸಿದಾಗ ಹಳೆಯ ನಾಣ್ಯಗಳ ವ್ಯಾಪಾರಿಯೊಬ್ಬರು ಏನೂ ಹೇಳದೆ ತಕ್ಕಡಿಯನ್ನು ಮುಂದಕ್ಕೆ ಎಳೆದುಕೊಂಡರು. ನಾಣ್ಯವಾಗಿದ್ದದ್ದು ಬರೀ ಬೆಳ್ಳಿಯಾಗಿತ್ತು.

ಉಳಿದ 16ನ್ನು ಮುಟ್ಟುವ ಮೊದಲು ದರ್ಜೆ ನೋಡುವುದನ್ನು ಕಲಿತೆ. ಬ್ರಿಟಿಷ್ ಕಾಲದ ರೂಪಾಯಿಯ ತೂಕ 11.66 ಗ್ರಾಂ, ನೂರಕ್ಕೆ ಸುಮಾರು 91.7 ಪಾಲು ಬೆಳ್ಳಿ, ಉಳಿದದ್ದು ತಾಮ್ರ. 1940ರಿಂದ ಬೆಳ್ಳಿಯ ಪಾಲು ಅರ್ಧಕ್ಕೆ ಇಳಿಯಿತು, ತೂಕ ಮಾತ್ರ ಅಷ್ಟೇ ಉಳಿಯಿತು. ಆದ್ದರಿಂದ ತಕ್ಕಡಿಯೊಂದನ್ನೇ ನಂಬುವಂತಿಲ್ಲ, ಇಸವಿಯನ್ನೂ ಓದಬೇಕು. ಇಸವಿಯನ್ನು ಓದಿದರೂ ಮುಗಿಯುವುದಿಲ್ಲ: 1862 ಎಂದು ಅಚ್ಚಾದ ವಿಕ್ಟೋರಿಯಾ ರಾಣಿಯ ರೂಪಾಯಿಗಳನ್ನು ಅದೇ ಇಸವಿಯೊಡನೆ 1874ರವರೆಗೂ ಟಂಕಿಸುತ್ತಿದ್ದರು.

ದರ್ಜೆ ಎಂದರೆ ಹೊಳಪಲ್ಲ, ಸವೆತದ ಲೆಕ್ಕ. ನಾಣ್ಯದಲ್ಲಿ ಎಲ್ಲಕ್ಕಿಂತ ಎತ್ತರಕ್ಕೆ ಉಬ್ಬಿದ ಜಾಗಗಳೇ ಮೊದಲು ಸವೆಯುತ್ತವೆಯಾದ್ದರಿಂದ ಕಣ್ಣು ನೇರವಾಗಿ ಅಲ್ಲಿಗೇ ಹೋಗಬೇಕು. ನನ್ನ 1901ರ ವಿಕ್ಟೋರಿಯಾದಲ್ಲಿ ಕಿರೀಟದ ಹರಳುಗಳು ಬಿಡಿಬಿಡಿಯಾಗಿ ಕಾಣುತ್ತಿದ್ದವು, ಕೆನ್ನೆ ಮಾತ್ರ ಸ್ವಲ್ಪ ಚಪ್ಪಟೆಯಾಗಿತ್ತು. ಸವೆತ ಕಡಿಮೆಯಿರುವ ‘ವೆರಿ ಫೈನ್’ ದರ್ಜೆ ಎಂದು ಬರೆದುಕೊಂಡೆ. 1907ರ ಎಡ್ವರ್ಡ್‌ನ ತಲೆಯ ಮೇಲೆ ಕಿರೀಟವಿಲ್ಲ, ಹಾಗಾಗಿ ಕಿವಿಯನ್ನೂ ಅದರ ಮೇಲಿನ ಕೂದಲನ್ನೂ ನೋಡಬೇಕು. ನನ್ನದರಲ್ಲಿ ಕಿವಿಯ ಅಂಚು ಕೂದಲಿನಲ್ಲಿ ಕರಗಿಹೋಗಿತ್ತು, ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನ ‘ಫೈನ್’ಗಿಂತ ಮೇಲೇರಿಸಲು ಮನಸ್ಸು ಒಪ್ಪಲಿಲ್ಲ. ಐದನೆಯ ಜಾರ್ಜ್‌ನ ರೂಪಾಯಿಯಲ್ಲಿ ಅರಸನ ನಿಲುವಂಗಿಯ ಮೇಲಿನ ಸರದಲ್ಲೊಂದು ಪುಟ್ಟ ಆನೆಯಿದೆ. 1911ರ ಅಚ್ಚಿನಲ್ಲಿ ಆ ಆನೆ ಹಂದಿಯಂತೆ ಕಂಡು ಗುಲ್ಲೆದ್ದು, ಮರುವರ್ಷ ಚಿತ್ರವನ್ನೇ ತಿದ್ದಬೇಕಾಯಿತು. ದರ್ಜೆ ಕಟ್ಟುವವನಿಗೆ ಆ ಆನೆ ದೊಡ್ಡ ಉಪಕಾರಿ: ಸೊಂಡಿಲು, ಕಾಲು ಸ್ಪಷ್ಟವಾಗಿದ್ದರೆ ಒಂದು ದರ್ಜೆ, ಬರೀ ಗುಬುಟಾಗಿ ಉಳಿದಿದ್ದರೆ ಇನ್ನೊಂದು.

ನನ್ನನ್ನು ಬಹಳ ದಿನ ಕಾಡಿದ್ದು ಅಚ್ಚು ಸರಿಯಾಗಿ ಒತ್ತದೆ ಮಸುಕಾದ ಜಾಗಕ್ಕೂ ಸವೆದ ಜಾಗಕ್ಕೂ ಇರುವ ವ್ಯತ್ಯಾಸ. ಇದಕ್ಕೆ ಒಂದೇ ಮೇಜಿನ ದೀಪ ಸಾಕು. ನಾಣ್ಯವನ್ನು ಅಂಚಿನಲ್ಲಿ ಹಿಡಿದು ಬೆಳಕಿನ ಕೆಳಗೆ ನಿಧಾನವಾಗಿ ಓಲಾಡಿಸಿದರೆ, ಚಲಾವಣೆಯಲ್ಲಿ ಹೆಚ್ಚು ಸವೆಯದ ಬೆಳ್ಳಿಯ ಮೇಲೆ ಬೆಳಕಿನ ಪಟ್ಟಿಯೊಂದು ಗಾಡಿಯ ಚಕ್ರದ ಅರೆಕಾಲಿನಂತೆ ಸುತ್ತುತ್ತದೆ. ಅಚ್ಚು ಬಿದ್ದ ಕ್ಷಣದಲ್ಲಿ ಲೋಹ ಹೊರಮುಖವಾಗಿ ಹರಿದು ಮೂಡಿದ, ಕಣ್ಣಿಗೆ ಬಿಡಿಯಾಗಿ ಕಾಣದ ಗೆರೆಗಳ ಆಟ ಅದು. ಮಸುಕಾದ ಜಾಗದ ಮೇಲೂ ಆ ಪಟ್ಟಿ ಹಾದುಹೋದರೆ ಅದು ಅಚ್ಚಿನ ದೋಷ. ಅಲ್ಲಿಗೆ ಬಂದು ಸತ್ತರೆ ಸವೆತ. ವಿಭೂತಿಯಲ್ಲಿ ಉಜ್ಜಿದ ನನ್ನ ಏಳರಲ್ಲಿ ಆ ಚಕ್ರವೇ ಇಲ್ಲ, ಬದಲಿಗೆ ಒಂದೇ ದಿಕ್ಕಿಗೆ ಎಳೆದ ನೂರಾರು ಕೂದಲೆಳೆಯ ಗೀರುಗಳಿವೆ. ಹಲ್ಲುಪುಡಿ, ಟೂತ್‌ಪೇಸ್ಟ್ ಮಾಡುವ ಕೆಲಸವೂ ಇದೇ. ಅಂಗಡಿಯಲ್ಲಿ ಸಿಗುವ ಬೆಳ್ಳಿ ಅದ್ದುವ ದ್ರವ ಗೀರೆಳೆಯುವುದಿಲ್ಲ ನಿಜ, ಆದರೆ ಕಪ್ಪು ಎಂದರೆ ಗಂಧಕದೊಡನೆ ಕೂಡಿದ ಬೆಳ್ಳಿಯೇ ಆದ್ದರಿಂದ, ಕಪ್ಪಿನ ಜೊತೆಗೆ ಆ ಗೆರೆಗಳ ಮೇಲ್ಪದರವನ್ನೂ ಕರಗಿಸಿಬಿಡುತ್ತದೆ.

ಹಾಗಾದರೆ ಏನನ್ನು ತೆಗೆಯಬಹುದು? ಹೊರಗಿನಿಂದ ಬಂದು ಕೂತದ್ದನ್ನು ಮಾತ್ರ. ನಮ್ಮ ಮನೆಯ ನಾಣ್ಯಗಳ ಮೇಲೆ ಹಾಗೆ ಕೂತದ್ದು ಎಷ್ಟೋ ವರ್ಷಗಳ ಲಕ್ಷ್ಮೀಪೂಜೆಯ ಅರಿಶಿನ, ಕುಂಕುಮ ಮತ್ತು ಎಣ್ಣೆಜಿಡ್ಡು. ಮೊದಲು ಒಂದನ್ನು ಸಾಬೂನಿನ ನೀರಿಗೆ ಹಾಕಿದೆ. ಹಳದಿ ಕಲೆಯೆಲ್ಲ ಕೆಂಪಾಗಿ ನನ್ನ ಎದೆ ಧಸಕ್ಕೆಂದಿತು. ಆಮೇಲೆ ಕಾರಣ ಹೊಳೆಯಿತು: ಸುಣ್ಣ ತಗುಲಿದ ಅರಿಶಿನ ಕೆಂಪಾಗುವಂತೆಯೇ ಸಾಬೂನಿನ ಕ್ಷಾರಕ್ಕೂ ಆಗಿತ್ತು. ಅರಿಶಿನದ ಬಣ್ಣ ನೀರಿನಲ್ಲಿ ಕರಗುವುದಿಲ್ಲ, ಅಸಿಟೋನಿನಲ್ಲಿ ಕರಗುತ್ತದೆ. ಅಸಿಟೋನು ಬೆಳ್ಳಿಯ ತಂಟೆಗೆ ಹೋಗುವುದಿಲ್ಲ. ಉಗುರುಬಣ್ಣ ತೆಗೆಯುವ ದ್ರವದಲ್ಲಿ ಎಣ್ಣೆ, ಸುಗಂಧ ಬೆರೆತಿರುತ್ತವೆ, ಅದು ಬೇಡ. ಪ್ರಯೋಗಾಲಯಕ್ಕೆ ಮಾರುವ ಶುದ್ಧ ಅಸಿಟೋನನ್ನೇ ತಂದೆ. ಕಿಟಕಿ ತೆರೆದು, ಒಲೆ ಆರಿಸಿ, ಗಾಜಿನ ಬಟ್ಟಲಿನಲ್ಲಿ ನಾಣ್ಯ ಮುಳುಗುವಷ್ಟು ಸುರಿದು ಮುಚ್ಚಿಟ್ಟೆ. ಹತ್ತು ನಿಮಿಷಕ್ಕೆ ದ್ರವ ತಿಳಿ ಹಳದಿಯಾಯಿತು. ಚೆಲ್ಲಿ, ಹೊಸದರಲ್ಲಿ ಇನ್ನೊಮ್ಮೆ ಅದ್ದಿ, ಬಟ್ಟಿ ಇಳಿಸಿದ ನೀರಿನಲ್ಲಿ ತೊಳೆದು, ಹತ್ತಿಬಟ್ಟೆಯ ಮೇಲಿಟ್ಟು ಒತ್ತಿ ಒಣಗಿಸಿದೆ. ಒರೆಸಲಿಲ್ಲ.

1918ರ ಒಂದು ರೂಪಾಯಿ ಇದರಲ್ಲಿ ಊರನ್ನೇ ಬದಲಾಯಿಸಿತು. ಹಿಂಬದಿಯ ಕೆಳಗಿನ ತಾವರೆಯ ಅಡಿಯಲ್ಲಿ ಉಬ್ಬಿದ ಚುಕ್ಕಿಯಿದ್ದರೆ ಬೊಂಬಾಯಿ ಟಂಕಸಾಲೆ, ಇಲ್ಲದಿದ್ದರೆ ಕಲ್ಕತ್ತ. ಚುಕ್ಕಿ ನೋಡಿ ಬೊಂಬಾಯಿ ಎಂದು ಬರೆದಿದ್ದೆ. ಅಸಿಟೋನಿನಿಂದ ಎತ್ತಿ ಭೂತಗನ್ನಡಿ ಹಿಡಿದರೆ ಚುಕ್ಕಿಯೇ ಇಲ್ಲ. ಅದು ಗಟ್ಟಿಯಾಗಿ ಅಂಟಿದ್ದ ಕುಂಕುಮದ ಕಾಳು.

ಕಪ್ಪನ್ನು ನಾನು ಈಗ ಮುಟ್ಟುವುದಿಲ್ಲ. ಅಜ್ಜಿ ರಬ್ಬರ್ ಬ್ಯಾಂಡ್ ಸುತ್ತಿಟ್ಟಿದ್ದ ನಾಲ್ಕು ನಾಣ್ಯಗಳ ಮೇಲೆ ರಬ್ಬರಿನ ಗಂಧಕದಿಂದಾಗಿ ಕರೀ ಗೆರೆ ಅಡ್ಡ ಬಿದ್ದಿದೆ. ಇರಲಿ ಎಂದು ಬಿಟ್ಟಿದ್ದೇನೆ. ಹದಿನಾರನ್ನೂ, ನಾಣ್ಯವನ್ನು ಕೆಡಿಸುವ ಪಿವಿಸಿ ಪ್ಲಾಸ್ಟಿಕ್ ಇಲ್ಲದ ಮೈಲಾರ್ ಹಾಳೆಯ ಪುಟ್ಟ ಚೀಲಗಳಲ್ಲಿಟ್ಟು, ಡಬ್ಬಿಗೆ ತೇವ ಹೀರುವ ಸಿಲಿಕಾ ಜೆಲ್ ಹಾಕಿದ್ದೇನೆ. ಉಜ್ಜಿದ ಏಳು ವರಮಹಾಲಕ್ಷ್ಮಿಯ ದಿನ ಕಲಶದ ಮುಂದೆ ಕೂರುತ್ತವೆ. ಅವಕ್ಕೆ ಅರಿಶಿನ ಹಚ್ಚಲು ಯಾರಿಗೂ ನನ್ನ ಅಡ್ಡಿಯಿಲ್ಲ.